ಮುಂದಕ್ಕೆ ಓಡಿಸುವ ಗುಂಡಿ

ಕೆಲವು ಯಂತ್ರಗಳಿಗೂ ಮನುಷ್ಯರ ಹಾಗೆ ಒಂದೊಂದು ಚಾಳಿ ಅಂಟಿಕೊಂಡಿರುತ್ತದೆ. ನನ್ನ ಡಿವಿಡಿ ಪ್ಲೇಯರಿಗೆ ಅಂಟಿದ್ದ ಚಾಳಿಯೆಂದರೆ, ನೆತ್ತಿಯ ಮೇಲೊಂದು ಪೆಟ್ಟು ಬೀಳುವ ತನಕ ಬಾಯಿ ತೆರೆಯದಿರುವುದು. ಗುಂಡಿ ಒತ್ತಿದರೆ ಒಳಗೊಳಗೇ ಏನೋ ಗೊಣಗಿಕೊಂಡು ಸುಮ್ಮನಾಗುತ್ತಿತ್ತು; ಅಂಗೈಯಿಂದ ಹಿತವಾಗಿ ಒಂದೇಟು ಕೊಟ್ಟರೆ ಮಾತ್ರ ತುಂಟ ಮಗು ನಾಲಿಗೆ ಚಾಚಿದ ಹಾಗೆ ತನ್ನ ತಟ್ಟೆಯನ್ನು ಹೊರಗೆ ಚಾಚುತ್ತಿತ್ತು. ಎಲ್ಲಿಗೆ ಹೊಡೆಯಬೇಕು, ಎಷ್ಟು ಹೊಡೆಯಬೇಕು ಎಂಬ ಮರ್ಮ ನನ್ನೊಬ್ಬನಿಗೇ ಗೊತ್ತಿತ್ತು. ಬೇರೆಯವರ ಕೈಗೆ ಸಿಕ್ಕರೆ ಅದು ಹಟ ಹಿಡಿದು ಕೂರುತ್ತಿತ್ತು. ಹೀಗಾಗಿ ಪ್ಲೇಯರ್ ಎಲ್ಲಿಗೆ ಹೋದರೂ ಅದರ ಹಿಂದೆ ನಾನೂ ಹೋಗಬೇಕಾಗುತ್ತಿತ್ತು. ಓದುಗ ಮಿತ್ರರೇ, ಆ ಯಂತ್ರದ ಕಥೆ ಹೇಳುತ್ತೇನೆಂದು ಹೊರಟಿದ್ದೇನೆ ನಿಜ. ಆದರೆ ಅದು ಮುಗಿಯುವ ಹೊತ್ತಿಗೆ ನನ್ನ ಬಗ್ಗೆ ನಿಮಗಿರಬಹುದಾದ ಒಳ್ಳೆಯ ಅಭಿಪ್ರಾಯ ಸ್ವಲ್ಪ ಇಳಿದಿರುತ್ತದೆ ಎಂದು ಮೊದಲೇ ಹೇಳಿಬಿಡುವುದು ವಾಸಿ.

ಆಗ ನಾನು ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದೆ. ಊರು ಹುನಗುಂದದ ಕಡೆ. ಇಲ್ಲಿ ಬೇಗೂರಿನಲ್ಲಿ, ಮುನಿರಾಜಪ್ಪನವರ ಕಟ್ಟಡದ ಹಿಂಬದಿಯಲ್ಲಿ ಒಂಟಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆ. ನುಣ್ಣಗೆ ಕಡೆದ ಕಬ್ಬಿಣದ ಮೇಲೆ ದಿನವಿಡೀ ಬೆರಳಾಡಿಸಿ, ಎಲ್ಲಿ ಗೀರಿದೆ, ಎಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದೆ ಎಂದು ಹುಡುಕಿ, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಬಳಿದು ಬದಿಗಿಡುವುದು ನನ್ನ ಕೆಲಸ. ಇಂಥ ಕೆಲಸ ಮಾಡುವವನ ಕಣ್ಣಿಗೆ ಒಂದು ರೋಗ ತಗಲುತ್ತದೆ. ಮನೆಗೆ ಬಂದ ಮೇಲೂ ಅದು ದೋಷವನ್ನೇ ಹುಡುಕುತ್ತಿರುತ್ತದೆ. ಸೇರಿದ ಹೊಸದರಲ್ಲಿ ನಾನು ‘ಬರ್ರಿ, ಕುಂದರ್ರಿ’ ಎಂದಾಗ ಜೊತೆಯ ಹುಡುಗರು ನಕ್ಕಿದ್ದರು. ಅವರದು ದುಷ್ಟ ನಗುವೇನಲ್ಲ, ಸುಮ್ಮನೆ ಮೋಜಿನ ನಗು. ಆದರೂ ನಾನು ನನ್ನ ನಾಲಿಗೆಯನ್ನೇ ಕೆಂಪು ಬಣ್ಣ ಬಳಿದು ಬದಿಗಿಟ್ಟು, ‘ಬನ್ನಿ, ಕೂತ್ಕೊಳ್ಳಿ’ ಎಂಬ ಹೊಸ ನಾಲಿಗೆಯೊಂದನ್ನು ಜೋಡಿಸಿಕೊಂಡೆ.

ಹೀಗೆ ಹೊಸಬನಾಗುವ ಹುಮ್ಮಸ್ಸಿನಲ್ಲಿಯೇ ಕೊಂಡದ್ದು ಆ ಡಿವಿಡಿ ಪ್ಲೇಯರ್. ಕಟ್ಟಡದಲ್ಲಿ ಅಂಥದ್ದು ಇನ್ನಾರ ಬಳಿಯೂ ಇರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ನಾನು ಹಗಲಿನಲ್ಲೇ, ಡಬ್ಬಿಯಿಂದ ಹೊರತೆಗೆದು, ಎಲ್ಲರಿಗೂ ಕಾಣುವ ಹಾಗೆ ಎದೆಗವಚಿಕೊಂಡು ಒಳಗೆ ತಂದೆ. ಕೆಂಪು, ಬಿಳಿ, ಹಳದಿ ತಂತಿಗಳನ್ನು ಟಿವಿಯ ಬೆನ್ನಿಗೆ ಸಿಕ್ಕಿಸುವಾಗ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದೆ. ರಿಮೋಟಿಗೆ ಧೂಳು ಕೂರದಂತೆ ಪ್ಲಾಸ್ಟಿಕ್ಕಿನ ಕವಚ, ಪ್ಲೇಯರಿಗೆ ಮೇಲೊಂದು ಕೈವಸ್ತ್ರ. ಒಂದೇ ಡಿವಿಡಿ ತಟ್ಟೆಯಲ್ಲಿ ಮೂರು ನಾಲ್ಕು ಸಿನಿಮಾ ತುರುಕಿದ ಕಳ್ಳಮಾಲು ಆಗ ಬಸ್ ನಿಲ್ದಾಣದ ಪಕ್ಕದಲ್ಲೇ ಸಿಗುತ್ತಿತ್ತು. ಅರ್ಧ ಕಥೆಗೆ ಚಿತ್ರ ನಡುಗಿ ನಿಂತುಬಿಟ್ಟರೆ ತಟ್ಟೆಗೆ ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕುವುದು, ಬಾಳೆಹಣ್ಣಿನ ಸಿಪ್ಪೆಯಿಂದ ಒರೆಸುವುದು ಮುಂತಾದ ಚಿಕಿತ್ಸೆಗಳೆಲ್ಲ ನನಗೆ ಕರಗತವಾದವು. ವಠಾರದಲ್ಲಿ ನನ್ನ ಹೆಸರಿಗೆ ಸ್ವಲ್ಪ ತೂಕ ಬಂತು.

ಅದೇ ಸುಮಾರಿಗೆ ಮುನಿರಾಜಪ್ಪನವರು ಕಟ್ಟಡದ ಮೇಲೆ ಹೊಸ ಮಹಡಿ ಎಬ್ಬಿಸಿ ಗೃಹಪ್ರವೇಶ ಮಾಡಿದರು. ರಾಗಿ ಬೆಳೆಯುತ್ತಿದ್ದ ಹೊಲ ನಿವೇಶನವಾಗಿ, ನಿವೇಶನ ಮನೆಯಾಗಿ, ಮನೆಯ ಮೇಲೆ ಮನೆ ಏಳುತ್ತಿದ್ದ ಕಾಲ ಅದು. ಸಮಾರಂಭದ ವಿಡಿಯೋ ತೆಗೆದ ಸ್ಟುಡಿಯೋದವರು ತಮಗೆ ಗೊತ್ತಿದ್ದ ಕಲೆಯನ್ನೆಲ್ಲ ಅದಕ್ಕೆ ಸುರಿದಿದ್ದರು. ಹೋಮದ ಹೊಗೆಯಿಂದ ಗುಲಾಬಿ ಹೂಗಳು ಉದುರುತ್ತಿದ್ದವು, ಮನೆಯೊಳಕ್ಕೆ ಹೆಜ್ಜೆಯಿಟ್ಟ ಹಸುವಿನ ಹಿಂದೆ ಇದ್ದಕ್ಕಿದ್ದಂತೆ ಹಿಮದ ಬೆಟ್ಟ ಕಾಣಿಸಿಕೊಳ್ಳುತ್ತಿತ್ತು, ಮುನಿರಾಜಪ್ಪನವರೂ ಅವರ ಹೆಂಡತಿ ಗೌರಮ್ಮನವರೂ ಹೃದಯದಾಕಾರದ ಚೌಕಟ್ಟಿನಲ್ಲಿ ಗಿರಗಿರನೆ ತಿರುಗಿ ಬಂದು ಗಂಭೀರವಾಗಿ ನಿಲ್ಲುತ್ತಿದ್ದರು. ಇಷ್ಟೆಲ್ಲ ವೈಭವ ಡಿವಿಡಿಯಲ್ಲಿ ಬಂತು. ಅವರ ಮನೆಯಲ್ಲಿದ್ದದ್ದು ಹಳೆಯ ವಿಸಿಡಿ ಪ್ಲೇಯರ್, ಅದು ಈ ತಟ್ಟೆಯನ್ನು ಮೂಸಿಯೂ ನೋಡಲಿಲ್ಲ. ಅಂದಿನಿಂದ ನೆಂಟರು ಬಂದಾಗಲೆಲ್ಲ ಗೌರಮ್ಮನವರು ಮೆಟ್ಟಿಲ ಮೇಲಿಂದ ಬಗ್ಗಿ ಕೂಗುತ್ತಿದ್ದರು: “ಬಸ್ರಾಜು, ನಿನ್ ಪ್ಲೇಯರ್ ಎತ್ಕೊಂಡ್ ಬಾರಪ್ಪ, ನಮ್ಮೋರು ಬಂದವ್ರೆ!” ನಾನು ಯಂತ್ರವನ್ನು ಹೊತ್ತು ಮೇಲೆ ಹೋಗಿ, ತಂತಿ ಸಿಕ್ಕಿಸಿ, ನೆತ್ತಿಗೆ ಹೊಡೆದು, ರಿಮೋಟ್ ಹಿಡಿದು ಪೂಜಾರಿಯ ಠೀವಿಯಲ್ಲಿ ಕೂರುತ್ತಿದ್ದೆ. ಕಾಫಿ, ಕೋಡುಬಳೆ ಸಲ್ಲುತ್ತಿತ್ತು. “ನಮ್ ಮನೇಲಿರೋ ಇಂಜಿನಿಯರ್” ಎಂದು ಅವರು ನನ್ನನ್ನು ನೆಂಟರಿಗೆ ಪರಿಚಯಿಸುತ್ತಿದ್ದರು. ನಾನು ಅಲ್ಲ ಎನ್ನುತ್ತಿರಲಿಲ್ಲ.

ಮೊದಲ ಪ್ರದರ್ಶನದ ದಿನವೇ ನನಗೆ ಏಟು ಬಿದ್ದದ್ದು. ಗೃಹಪ್ರವೇಶದ ಹೊತ್ತಿಗೆ ನನ್ನ ಅವ್ವ ಊರಿನಿಂದ ಬಂದು ಕೆಲವು ದಿನ ನನ್ನ ಜೊತೆ ಇದ್ದಳು. ಗೌರಮ್ಮನವರು ಕರೆದರೆಂದು ಅವಳೂ ಸಮಾರಂಭಕ್ಕೆ ಬಂದಿದ್ದಳು; ಡಿವಿಡಿ ಕೈಸೇರುವ ಹೊತ್ತಿಗೆ ಊರಿಗೆ ಮರಳಿದ್ದಳು. ತೆರೆಯಲ್ಲಿ, ಊಟ ಮುಗಿದು ಹೆಂಗಸರಿಗೆಲ್ಲ ತಾಂಬೂಲ ಕೊಡುವ ದೃಶ್ಯ. ಒಬ್ಬೊಬ್ಬರೇ ಬಂದು ತಾಂಬೂಲದ ಚೀಲ ಇಸಿದುಕೊಂಡು, ಕ್ಯಾಮೆರಾ ಕಡೆ ಅರೆನಗೆ ನಕ್ಕು ಹೋಗುತ್ತಾರೆ. ಕೊನೆಗೆ ಚೀಲಗಳು ಮುಗಿದುಹೋಗಿವೆ. ಅವ್ವ ಗೋಡೆಯ ಬದಿಗೆ ಸರಿದು ನಿಂತಿದ್ದಾಳೆ. ಗೌರಮ್ಮನವರು ಅವಳನ್ನು ನೋಡಿ, “ಬನ್ನಿ ಅವ್ವಾ, ಯಾಕ್ ಇಂದಕ್ಕೇ ನಿಂತ್ಕಂಡ್ರಿ, ಇಡ್ಕಳಿ” ಎಂದು ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ, ನಾಲ್ಕಾರು ಒಬ್ಬಟ್ಟು ಇದ್ದ ತಟ್ಟೆಯನ್ನೇ ಎತ್ತಿಕೊಂಡು ಎದುರಿಗೆ ಬರುತ್ತಾರೆ. ಅವ್ವ ಒಂದು ಕ್ಷಣ ತಡವರಿಸಿ, ಆಮೇಲೆ ತನ್ನ ಹಸಿರು ಸೀರೆಯ ಸೆರಗನ್ನು ಎರಡೂ ಕೈಯಿಂದ ಬಿಡಿಸಿ ಮುಂದೆ ಒಡ್ಡುತ್ತಾಳೆ.

ಕೂತಿದ್ದ ನೆಂಟರಲ್ಲಿ ಯಾರೋ ಒಬ್ಬಾಕೆ ಕಿಸಕ್ಕನೆ ನಕ್ಕು, “ಅಯ್ಯೋ, ಸೆರಗೊಡ್ಡಿ ಇಸ್ಕಂತಾವ್ಳೆ ನೋಡೇ! ಯಾರೇ ಅದು?” ಎಂದಳು. ಇನ್ನಿಬ್ಬರು ನಕ್ಕರು. ಗೌರಮ್ಮನವರು, “ಸುಮ್ಕಿರೇ, ಬಸ್ರಾಜು ಅವ್ವ ಅವ್ರು” ಎಂದು ಗದರಿದರು. ಗದರದಿದ್ದರೇ ಚೆನ್ನಾಗಿತ್ತು. ಎಲ್ಲರ ಕಣ್ಣೂ ತೆರೆಯನ್ನು ಬಿಟ್ಟು ನನ್ನ ಮೇಲೆ ಬಂದವು. ಸೆರಗೊಡ್ಡುವುದೆಂದರೆ ಬೇಡುವುದು ತಾನೆ? ನೆಲ ಬಾಯಿ ಬಿಡಬಾರದೇ ಅನ್ನಿಸಿತು, ಮತ್ತು ಬೆರಳು ತಾನಾಗಿಯೇ ರಿಮೋಟಿನ ಆ ಗುಂಡಿಯನ್ನು ಒತ್ತಿತು.

ಮುಂದಕ್ಕೆ ಓಡಿಸುವ ಗುಂಡಿ ಬಲು ಉಪಕಾರಿ ಎಂದು ಅಂದು ನನಗೆ ತೋರಿತು. ಅದನ್ನು ಒತ್ತಿದರೆ ಸದ್ದು ಅಡಗುತ್ತದೆ, ನಗುವವರು ನಗುವುದಕ್ಕೆ ಸಿಗುವ ಮೊದಲೇ ದೃಶ್ಯ ಓಡಿಹೋಗುತ್ತದೆ, ಪುರೋಹಿತರು, ಯಜಮಾನರು, ಬೀಗರು, ಬಾಡಿಗೆಯವರು ಎಲ್ಲರೂ ಒಂದೇ ಸಮನೆ ಸೂತ್ರದ ಬೊಂಬೆಗಳಾಗಿ ಪಟಪಟನೆ ಕೈಯಾಡಿಸುತ್ತಾರೆ. ಆ ಓಟದಲ್ಲಿ ನನ್ನ ಅವ್ವ ಒಂದು ಹಸಿರು ಚುಕ್ಕೆಯಾಗಿ ತೆರೆಯ ಅಂಚಿನಲ್ಲಿ ಮಿಂಚಿ ಮಾಯವಾಗುತ್ತಿದ್ದಳು. ಎರಡನೆಯ ಸಲ ನೆಂಟರು ಬಂದಾಗ ತಾಂಬೂಲದ ಭಾಗ ಶುರುವಾಗುತ್ತಿದ್ದಂತೆಯೇ ನಾನು ಸಿದ್ಧನಾದೆ. “ಯಾಕಪ್ಪ ಓಡಿಸ್ತೀಯ?” ಎಂದು ಗೌರಮ್ಮನವರು ಕೇಳಿದಾಗ, “ಇಲ್ಲೊಂದು ಗೀರು ಬಿದ್ದಿದೆ ಅಮ್ಮ, ಸಿಕ್ಕಿಹಾಕ್ಕೊಂಡ್ಬಿಡುತ್ತೆ” ಎಂದೆ. ದಿನವೆಲ್ಲ ಗೀರು ಹುಡುಕಿ ಸಂಬಳ ಪಡೆಯುವವನಿಗೆ ಇಲ್ಲದ ಗೀರೊಂದನ್ನು ಹುಟ್ಟಿಸುವುದು ಕಷ್ಟವೇ? ಅವರು ನಂಬಿದರು. ಆಮೇಲೆ ಬಂದ ನೆಂಟರಿಗೆಲ್ಲ ಗೃಹಪ್ರವೇಶವೆಂದರೆ ಊಟದಿಂದ ನೇರವಾಗಿ ಬೀಳ್ಕೊಡುಗೆಗೆ ಜಿಗಿಯುವ ಸಮಾರಂಭವಾಯಿತು.

ನಾಚಿಕೆಯ ಬಗ್ಗೆ ನಾನು ಆಗಾಗ ಯೋಚಿಸಿದ್ದೇನೆ. ತಾನು ಮಾಡಿದ್ದಕ್ಕೆ ನಾಚುವುದು ಒಂದು ಬಗೆ. ಅದು ಹುಳಿ ಮಾವಿನಕಾಯಿ ಕಚ್ಚಿದ ಹಾಗೆ, ಮುಖ ಕಿವುಚಿ ಮರೆತುಬಿಡಬಹುದು. ತನ್ನವರು ಮಾಡಿದ್ದಕ್ಕೆ ನಾಚುವುದು ಇನ್ನೊಂದು ಬಗೆ. ಅದರಲ್ಲಿ ಪ್ರೀತಿಯೂ ಬೆರೆತಿರುವುದರಿಂದ ಬಾಯಲ್ಲಿಟ್ಟ ಬಿಸಿ ತುಪ್ಪದಂತೆ ಉಗುಳಲೂ ಆಗದು, ನುಂಗಲೂ ಆಗದು. ಅವ್ವ ಬಸ್ಸಿನಲ್ಲಿ ಕಂಡಕ್ಟರನನ್ನು ಗಟ್ಟಿ ದನಿಯಲ್ಲಿ ‘ಏ ತಮ್ಮಾ’ ಎಂದು ಕರೆದಾಗ, ಕಟ್ಟಡದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಎಲೆ ಮೆಲ್ಲುವಾಗ, ನಾನು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದೆ ಅಥವಾ ಒಳಗೆ ಏನೋ ಕೆಲಸವಿದ್ದವನಂತೆ ಎದ್ದು ಹೋಗುತ್ತಿದ್ದೆ. ಅವಳು ನನ್ನನ್ನು ಓದಿಸಲು ಕಂಡವರ ಹೊಲದಲ್ಲಿ ಕಳೆ ತೆಗೆದವಳು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೃತಜ್ಞತೆಯೂ ನಾಚಿಕೆಯೂ ಒಂದೇ ಕೋಣೆಯಲ್ಲಿ ಬಾಡಿಗೆಗಿರಬಲ್ಲವು ಎಂಬುದು ಅನುಭವಿಸಿದವರಿಗಷ್ಟೇ ತಿಳಿದೀತು. ನಿಮಗೂ ಅಂಥದ್ದೊಂದು ಅನುಭವವಿದ್ದರೆ ಮುಂದೆ ಓದುವಾಗ ನನ್ನ ಮೇಲೆ ಸ್ವಲ್ಪ ಕರುಣೆಯಿರಲಿ.

ದೀಪಾವಳಿ ಕಳೆದ ಮೇಲೆ ಅವ್ವ ಮತ್ತೊಮ್ಮೆ ಬಂದಳು. ಬಂದ ಮಾರನೆಯ ದಿನವೇ ನಲ್ಲಿಯ ಹತ್ತಿರ ಗೌರಮ್ಮನವರು ಸಿಕ್ಕಿ, “ಅವ್ವಾ, ನೀವೂ ಬಂದಿದೀರ ನಮ್ ಡಿವಿಡೀಲಿ, ತೋರ್ಸಿಲ್ವ ಮಗ? ಶನಿವಾರ ಸಂಜೆ ನಮ್ಮಣ್ಣನ ಮನೆಯೋರು ಬರ್ತಾವ್ರೆ, ನೀವೂ ಬನ್ನಿ” ಎಂದರಂತೆ. ಅವ್ವನ ಸಂಭ್ರಮ ಹೇಳತೀರದು. ಅವಳ ಹರೆಯದ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ರೇಷನ್ ಕಾರ್ಡಿನಲ್ಲಿ ಇರುವುದು ಯಾರದೆಂದು ಹೇಳಲು ಬಾರದ ಮಸಿ ಮುಖ. ಶನಿವಾರ ಮಧ್ಯಾಹ್ನವೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಆ ಹಸಿರು ಇಳಕಲ್ ಸೀರೆಯನ್ನೇ ಉಟ್ಟುಕೊಂಡು ಕೂತಳು. “ಅದನ್ನ ಯಾಕ ಉಟ್ಟಿ?” ಎಂದರೆ, “ಟಿವಿಯಾಗ ಇರಾಕಿ ನಾನಽ ಅಂತ ಅವ್ರಿಗೆ ಗುರ್ತು ಹತ್ತಬೇಕಲ್ಲೋ” ಎಂದು ನಕ್ಕಳು.

ಈ ಹೊತ್ತಿಗಾದರೂ ನನಗೆ ಬುದ್ಧಿ ಬರಬೇಕಿತ್ತು ಎಂದು ನೀವು ಹೇಳುತ್ತೀರಿ. ಬರಲಿಲ್ಲ. ಮೇಲೆ ಹೋಗಿ ತಂತಿ ಸಿಕ್ಕಿಸುತ್ತಿರುವಾಗ ಸೋಫಾದ ತುಂಬ ಕೂತ ಹೊಸ ನೆಂಟರನ್ನೂ, ಅವರ ಕಾಲ ಬಳಿ ನೆಲದ ಮೇಲೆ ತೆರೆಗೆ ಮುಖವಿಟ್ಟು ಕೂತ ಅವ್ವನನ್ನೂ ನೋಡಿದೆ. ಆ ‘ಕಿಸಕ್’ ಎಂಬ ನಗು ಈಗ ಅವಳ ಎದುರಿಗೇ ಬಂದರೆ ಎಂದು ಹೆದರಿದೆ. ಅವಳನ್ನು ಕಾಪಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಯಾವಾಗಲೂ ಒಳ್ಳೆಯ ಬಟ್ಟೆ ಹಾಕಿಕೊಂಡೇ ಬರುತ್ತದೆ. ತಾಂಬೂಲದ ದೃಶ್ಯ ಬಂತು, ಗುಂಡಿ ಒತ್ತಿದೆ, ಹಸಿರು ಚುಕ್ಕೆ ಮಿಂಚಿ ಮಾಯವಾಯಿತು. ಅವ್ವ ಮಾತ್ರ ಕಣ್ಣು ಕೀಳದೆ ಕಾಯುತ್ತಲೇ ಇದ್ದಳು. ಎಲ್ಲರೂ ಕೈಮುಗಿದು ಬೀಳ್ಕೊಂಡು, ಶುಭಂ ಎಂಬ ಅಕ್ಷರದ ಮೇಲೆ ಕೊನೆಯ ಗುಲಾಬಿ ಉದುರಿ, ತೆರೆ ನೀಲಿಯಾಯಿತು. ಆಗಲೂ ಅವಳು ಏಳಲಿಲ್ಲ.

“ನಾ ಎಲ್ಲೋ ತಮ್ಮಾ? ನಾ ಬರಲೇ ಇಲ್ಲಲ್ಲ.”

“ಇದೀರ ಕಣವ್ವಾ, ನಾನೇ ನೋಡಿವ್ನಿ” ಎಂದು ಗೌರಮ್ಮನವರು ಸಮಾಧಾನ ಮಾಡಿದರು. “ಆಳಾದ್ ಗೀರು ಬಿದ್ಬಿಟ್ಟೈತಂತೆ ಅಲ್ಲೇ. ಅಲ್ವೇನಪ್ಪ?” ನಾನು ಹೌದೆಂದು ತಲೆಯಾಡಿಸಿದೆ. ಅವ್ವ ಕೈಯೂರಿ ಎದ್ದಳು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ನೋಡಿಕೊಳ್ಳುತ್ತ ತಂತಿ ಸುತ್ತಿದೆ.

ಮೆಟ್ಟಿಲಿಳಿಯುವಾಗ ಅವಳು ನನ್ನ ತೋಳು ಹಿಡಿದುಕೊಂಡು, ತನಗೆ ತಾನೇ ಎಂಬಂತೆ ಹೇಳಿದಳು: “ನನ್ನ ಉಡಿ ತುಂಬಿದ್ದು ಬರತೈತಿ ಅಂತ ಕುಂತಿದ್ದೆ.”

ನಾನು ನಿಂತುಬಿಟ್ಟೆ. ನಮ್ಮ ಕಡೆ ಹೆಣ್ಣುಮಗಳನ್ನು ಮನೆಯಿಂದ ಗೌರವದಿಂದ ಕಳಿಸುವಾಗ ಸೆರಗಿನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಹಣ್ಣು ತುಂಬುತ್ತಾರೆ. ಅದನ್ನು ಕೈಯಲ್ಲಾಗಲಿ ಚೀಲದಲ್ಲಾಗಲಿ ತೆಗೆದುಕೊಳ್ಳಬಾರದು, ಸೆರಗನ್ನೇ ಒಡ್ಡಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಂಡ ಸತ್ತವಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಅಪ್ಪ ಹೋದ ದಿನದಿಂದ ಅವ್ವನಿಗೂ ಉಡಿಗೂ ಸಂಬಂಧ ಕಡಿದಿತ್ತು. ಹಾಗಾಗಿ ಅದು ಉಡಿಯಿರಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. “ನಿನ್ನ ತಂಗಿ ಮದುವ್ಯಾಗ ಸುದ್ದಾ ನಾ ಹಿಂದ ನಿಂತಿದ್ನೆಲ್ಲೋ, ಹಡೆದಾಕಿ ಆದ್ರೂ” ಎಂದಳು ಅವ್ವ. “ಈ ಮನಿ ಗೌಡ್ತಿ ನೋಡು, ಹಣಿ ನೋಡ್ಲಿಲ್ಲ, ಕೊಳ್ಳ ನೋಡ್ಲಿಲ್ಲ. ಹಿಡೀರಿ ಅಂದ್ಲು. ನನಗ ಜೀವ ಝಲ್ ಅಂತು.” ಅವಳ ದನಿಯಲ್ಲಿ ದುಃಖವಿರಲಿಲ್ಲ, ಸಣ್ಣ ಹುಡುಗಿಯ ಹಿಗ್ಗಿತ್ತು. ಗೌರಮ್ಮನವರಿಗೆ ತಾವೇನು ಮಾಡಿದೆವೆಂಬ ಅರಿವಿತ್ತೋ, ಚೀಲ ಮುಗಿದ ಗಡಿಬಿಡಿಯಲ್ಲಿ ಕೈಗೆ ಬಂದದ್ದನ್ನು ಸುರಿದರೋ, ನಾನು ಇಂದಿಗೂ ಅರಿಯೆ. ನನಗೆ ತಿಳಿದದ್ದು ಇಷ್ಟೇ: ಅವಳ ಬಾಳಿನಲ್ಲಿ ಮತ್ತೆ ಸಿಕ್ಕ ಒಂದು ಮರ್ಯಾದೆಯನ್ನು ನಾನು ಭಿಕ್ಷೆಯೆಂದು ಓದಿಕೊಂಡು, ನೆಂಟರೆದುರು ಮತ್ತೆ ಮತ್ತೆ ಅಳಿಸಿಹಾಕಿದ್ದೆ.

ಮರುದಿನ ಭಾನುವಾರ. ಪಾಳಿಯಿರಲಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಮೇಲೆ ಹೋಗಿ ಆ ಡಿವಿಡಿಯನ್ನು ಕೇಳಿ ತಂದುಬಿಟ್ಟಿದ್ದಳು. “ಪೇಸ್ಟ್ ಹಚ್ಚಿ ತಿಕ್ಕಿದ್ರ ಹೋಗತೈತಂತಲ್ಲೋ ಗೀರು. ನೀ ಅದರಾಗ ಭಾಳ ಶಾಣ್ಯಾ ಅಂತ, ಗೌಡ್ತಿ ಹೇಳಿದ್ಲು. ತಿಕ್ಕು.” ಬಾಗಿಲ ಬೆಳಕಿಗೆ ತಟ್ಟೆಯನ್ನು ಹಿಡಿದು ಒಂದು ಕಣ್ಣು ಕಿರಿದು ಮಾಡಿ ನೋಡಿದಳು. ಕಾಮನಬಿಲ್ಲಿನ ಬಣ್ಣ ಅವಳ ಕೆನ್ನೆಯ ಮೇಲೆ ಬಿತ್ತು. “ಎಲ್ಲಿ ಐತೋ ಇದು, ನನಗೇನ್ ಕಾಣವಲ್ದು.” ಆಗಲಾದರೂ ಹೇಳಬಹುದಿತ್ತು. ನಾನು ಪೇಸ್ಟಿನ ಕೊಳವೆ ತೆಗೆದು, ಕನ್ನಡಿಯಂತೆ ನಿರ್ಮಲವಾಗಿದ್ದ ಆ ತಟ್ಟೆಗೆ ಹಚ್ಚಿ, ಇಲ್ಲದ ಗೀರನ್ನು ತಿಕ್ಕತೊಡಗಿದೆ. ನನ್ನ ಕೈ ನಿಧಾನವೆನ್ನಿಸಿ ಅವ್ವ ಅದನ್ನು ಕಸಿದುಕೊಂಡಳು. ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಮಗುವಿನ ಮುಖ ಒರೆಸುವಷ್ಟು ಮೃದುವಾಗಿ, ಬಹಳ ಹೊತ್ತು ತಿಕ್ಕಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಕಾರ್ಖಾನೆಯಲ್ಲಿ ನನ್ನ ಕೈಗೆ ಬಂದ ಯಾವ ತುಂಡಿಗೂ ನಾನು ಇಷ್ಟು ಅಸಹ್ಯದಿಂದ ಕೆಂಪು ಬಳಿದಿರಲಿಲ್ಲ. ಅಂದು ಬಳಿದುಕೊಂಡದ್ದು ನನಗೇ.

ಪ್ಲೇಯರಿನ ನೆತ್ತಿಗೆ ಹೊಡೆದೆ, ತಟ್ಟೆ ಒಳಗೆ ಹೋಯಿತು. ತಾಂಬೂಲದ ದೃಶ್ಯ ಬಂದಾಗ ರಿಮೋಟನ್ನು ನೆಲದ ಮೇಲಿಟ್ಟೆ. ಚಿತ್ರ ಎಲ್ಲಿಯೂ ನಡುಗದೆ ನಡೆಯಿತು. “ಹೋತು ನೋಡು ಗೀರು!” ಎಂದು ಅವ್ವ ಚಪ್ಪಾಳೆ ತಟ್ಟಿದಳು. ಆ ದೃಶ್ಯವನ್ನು ಅದರ ನಿಜವಾದ ನಡಿಗೆಯಲ್ಲಿ, ಕೊನೆಯವರೆಗೆ, ನಾನು ನೋಡಿದ್ದು ಅದೇ ಮೊದಲು. ಗೌರಮ್ಮನವರು ತಾಂಬೂಲದ ತಟ್ಟೆಯನ್ನು ಬಗ್ಗಿಸುತ್ತಾರೆ. ಕಾಯಿ, ಹಣ್ಣು, ಒಬ್ಬಟ್ಟು ಸೆರಗಿಗೆ ಜಾರುತ್ತವೆ. ಅವ್ವ ತುಂಬಿದ ಉಡಿಯನ್ನು ಹೊಟ್ಟೆಗವಚಿಕೊಂಡು ಒಂದು ಕೈಯಲ್ಲಿ ಅವರ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾಳೆ. ಆಮೇಲೆ ಮುಖವೆತ್ತುತ್ತಾಳೆ. ಅಂಥ ಮುಖ ನಾನು ಮನೆಯಲ್ಲಿ ಎಂದೂ ಕಂಡಿರಲಿಲ್ಲ.

“ಇನ್ನೊಮ್ಮಿ ಹಾಕು” ಎಂದಳು. ಹಾಕಿದೆ. ಮೊದಲ ಸಲ ಅವಳು ತನ್ನನ್ನಷ್ಟೇ ನೋಡಿಕೊಂಡಿದ್ದಳು; ಈಗ ಅವಳ ಕಣ್ಣು ತೆರೆಯ ಮೇಲೆ ಪಕ್ಕಕ್ಕೆ ಸರಿಯಿತು. ಅಲ್ಲಿ, ಅವಳಿಂದ ಒಂದು ಮಾರು ದೂರದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಾನು ನಿಂತಿದ್ದೆ. ಅವಳು ಸೆರಗು ಒಡ್ಡುತ್ತಿದ್ದಂತೆ ನನ್ನ ಮುಖ ಗೋಡೆಯ ಕಡೆ ತಿರುಗುತ್ತದೆ, ಮತ್ತು ಆ ದೃಶ್ಯ ಮುಗಿಯುವ ತನಕ ಹಾಗೇ ತಿರುಗಿರುತ್ತದೆ. ಅದು ಕಾಣದಿರಲು ಸಾಧ್ಯವಿರಲಿಲ್ಲ.

ನಾನು ರಿಮೋಟಿಗಾಗಿ ಕೈ ಚಾಚಲಿಲ್ಲ, ಚಾಚುವ ಧೈರ್ಯವಿರಲಿಲ್ಲ. ಹೊರಗೆ ಯಾರೋ ಬಿಂದಿಗೆ ತೊಳೆಯುತ್ತಿದ್ದರು.

“ವಿಡಿಯೋದವ್ರು ಆ ದೊಡ್ಡ ಲೈಟ್ ಹಿಡಿದಿದ್ರಲ್ಲ,” ಎಂದಳು ಅವ್ವ ಕೊನೆಗೆ, ನನ್ನ ಕಡೆ ನೋಡದೆ, “ಕಣ್ಣಿಗೆ ಹೊಡೀತೇನೋ ನಿನಗ. ಅದಕ ಮಾರಿ ಆ ಕಡೆ ಮಾಡಿದ್ದಿ.”

“ಹೂಂ ಅವ್ವ,” ಎಂದೆ, “ಲೈಟ್ ಭಾಳ ಇತ್ತು.”

ಅವ್ವ ತಲೆಯಾಡಿಸಿದಳು. ತೆರೆಯ ಮೇಲೆ ಅದೇ ಬೆಳಕು ನೇರವಾಗಿ ಅವಳ ಮುಖಕ್ಕೆ ಬೀಳುತ್ತಿತ್ತು, ಮತ್ತು ಅವಳು ಕಣ್ಣು ಪೂರ್ತಿ ತೆರೆದು ನಗುತ್ತ ನಿಂತಿದ್ದಳು.